ಮೂರನೆಯ ಬಾಲ

ಬಾಟಲಿಯೊಳಗಿನ ಚೀಟಿಯಲ್ಲಿ ನನ್ನದೇ ಅಕ್ಷರ:
ಮಾಲತಿ ಹೊಳೆ, ಕಲ್ಲಡಿ, ಮೊಣಕಾಲುದ್ದ ನೀರು,
ಬೆಳಿಗ್ಗೆ ಎಂಟೂ ಇಪ್ಪತ್ತು.
ಪೆನ್ಸಿಲಿನಲ್ಲೇ ಬರೆಯಬೇಕು. ಶಾಯಿಯನ್ನು ಸ್ಪಿರಿಟ್ಟು ಕುಡಿದುಬಿಡುತ್ತದೆ,
ಮೊದಲ ವರ್ಷ ಕಲಿತದ್ದು,
ಹದಿನೇಳು ಬಾಟಲಿ ಊರು ಕಳಕೊಂಡ ಮೇಲೆ.

ಶಿವಮೊಗ್ಗದ ಈ ಎರಡನೇ ಮಹಡಿಯಲ್ಲಿ ಸೆಕೆ.
ಫ್ಯಾನು ಹಾಕುವಂತಿಲ್ಲ, ತಟ್ಟೆಯ ದ್ರವ ನಡುಗುತ್ತದೆ.
ಸೂಜಿಮೊನೆಯಿಂದ ಮಗ್ಗುಲು ಹೊರಳಿಸಿದೆ:
ಅಕ್ಕಿಕಾಳಿನಷ್ಟು ಮೈ.

ಕೈಪಿಡಿ ಠಾಣೆಯ ದಫೇದಾರನಂತೆ ಒಂದೊಂದೇ ಕೇಳುತ್ತದೆ.
ಕಾಲಿನ ತುದಿಗೆ ಉಗುರು ಒಂದೋ, ಎರಡೋ?
ಒಂದು.
ಕಿವಿರು ಎದೆಗೋ, ಹೊಟ್ಟೆಯ ಪಕ್ಕಕ್ಕೋ?
ಹೊಟ್ಟೆಯ ಪಕ್ಕಕ್ಕೆ, ಏಳು ಜೊತೆ,
ಎಲೆಯ ಹಾಗೆ, ಬುಡದಲ್ಲಿ ನವಿರು ಕುಚ್ಚು.
ಹಾಗಾದರೆ ಮೇಫ್ಲೈ. ಹಾಗಾದರೆ ಮುಂದೆ ನಡಿ.
ತಲೆ?
ಚಪ್ಪಟೆ, ಯಾರೋ ಹೆಬ್ಬೆರಳಲ್ಲಿ ಒತ್ತಿದಂತೆ.
ಕಣ್ಣು?
ಎರಡೂ ನೆತ್ತಿಯ ಮೇಲೆ.
ಕಲ್ಲಿನಡಿ ಬಾಳುವುದಕ್ಕೆ ಆಕಾಶ ನೋಡುವ ಕಣ್ಣು ಯಾಕೆ
ಎಂದು ಮಾತ್ರ ಕೈಪಿಡಿ ಕೇಳುವುದಿಲ್ಲ.
ಬಾಲ?

ಎರಡು, ಎಂದು ಬರೆದೆ.
ಎರಡೆಂದರೆ ಪುಟ ನಲವತ್ತೊಂದು.
ಅಲ್ಲಿಯ ಚಿತ್ರಕ್ಕೂ ಇದಕ್ಕೂ ಎಣ್ಣೆ ಸೀಗೆಕಾಯಿ.
ಹಿಂದೆ ಬಂದೆ, ಮತ್ತೆ ಹೋದೆ. ಮೂರು ದಿನ
ಅದೇ ಕವಲಿನಲ್ಲಿ, ದಾರಿ ತಪ್ಪಿದ ದನದ ಹಾಗೆ.

ಹೈಸ್ಕೂಲಿನಲ್ಲಿ ಇಂಥ ಮರಿಗೆ ಅಪ್ಸರೆ ಎಂದು ಓದಿದ್ದೆವು.
ಬೋರ್ಡಿನ ಮೇಲಿನ ಆರು ಕಾಲು ನೋಡಿ ಕ್ಲಾಸಿಗೆ ಕ್ಲಾಸೇ ನಕ್ಕಿತ್ತು.
ಸಂಸ್ಕೃತದ ಜಯದೇವಯ್ಯ ಮೇಷ್ಟ್ರು ನಗಲಿಲ್ಲ:
ಅಪ್ ಅಂದರೆ ನೀರು ಕಣ್ರೋ. ನೀರಲ್ಲಿ ಸರಿಯುವವಳು.
ಸರಿಯಾಗೇ ಇದೆ.

ದುಗ್ಗಕ್ಕನಿಗೆ ಇದು ಕಲ್ಲುಹೇನು.
ಏಡಿಗೆಂದು ಕಲ್ಲು ಮಗುಚುವ ಕೈ ಅವಳದು.
ನನಗೆ ಸಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ಅವಳು ಮಗುಚಿದ್ದು.
'ಪಕ್ಕಕ್ಕೆ ಜಾರ್ತದೆ ನೋಡಿ, ಮುಂದಕ್ಕಲ್ಲ.
ಬೆಳಕು ತಾಗಿದ್ದೇ ಕಲ್ಲಿನ ಆಚೆ ಮೈಗೆ.
ಇನ್ನೊಂದುಂಟು, ಮೀನ್ಮರಿ ಹಾಗೆ ಚಿಮ್ಮೋದು. ಅದಲ್ಲ ಇದು.'
ಕೈಪಿಡಿಯ ನೂರಾ ಹನ್ನೆರಡು ಪ್ರಶ್ನೆಗಳಲ್ಲಿ
ಹೇಗೆ ಓಡುತ್ತದೆ ಎಂಬುದಿಲ್ಲ.
ಸತ್ತದ್ದಕ್ಕೆಂದೇ ಬರೆದ ಪುಸ್ತಕ.

ನಾಲ್ಕನೇ ದಿನ, ಕರೆಂಟು ಹೋಗಿ ಬಂದ ಮೇಲೆ,
ದೊಡ್ಡ ಮಸೂರ ತಿರುಗಿಸಿದೆ.
ಎರಡು ಬಾಲಗಳ ನಡುವೆ ಒಂದು ಮೋಟು,
ಹಾಲುಹಲ್ಲು ಬಿದ್ದ ಜಾಗದಂತೆ.
ನನ್ನ ಚಿಮಟವೋ, ಯಾವ ಮೀನಿನ ಬಾಯೋ.
ಬಾಟಲಿಯನ್ನು ದೀಪಕ್ಕೆ ಹಿಡಿದರೆ ತಳದಲ್ಲೊಂದು ಎಳೆ.
ನನ್ನ ವೇಲಿನ ನೂಲಿರಬೇಕು ಅಂದುಕೊಂಡೆ.
ನೂಲಿಗೆ ಗೆಣ್ಣು ಇರುವುದಿಲ್ಲ.
ಇದಕ್ಕಿತ್ತು, ಕಬ್ಬಿನ ಜಲ್ಲೆಯ ಹಾಗೆ, ಗೆಣ್ಣು, ಗೆಣ್ಣು, ಗೆಣ್ಣು.

ಮೂರು! ಪುಟ ಮೂವತ್ತೆಂಟು.
ಕುಲದ ಹೆಸರು ಸಿಕ್ಕಿತು.
ಅದರಾಚೆಗೆ ಒಂದೇ ಸಾಲು, ಸಣ್ಣ ಅಕ್ಷರದಲ್ಲಿ:
ಪ್ರಭೇದ ತಿಳಿಯಲು ರೆಕ್ಕೆ ಬಂದ ಗಂಡು ಬೇಕು.

ಆಗ ಬೆನ್ನು ನೋಡಿದೆ. ಮೊದಲೇ ನೋಡಬೇಕಿತ್ತು.
ರೆಕ್ಕೆಯ ಚೀಲ ಎರಡೂ ಕಾಡಿಗೆಗಪ್ಪು.
ಒಳಗೆ ಮಡಿಕೆ ಮಡಿಕೆಯಾಗಿ, ಇಸ್ತ್ರಿಗೆ ಕಾದ ಬಟ್ಟೆಯಂತೆ,
ಪೂರ್ತಿ ತಯಾರು.
ಕಪ್ಪಾಯಿತೆಂದರೆ ಇನ್ನು ಗಂಟೆಗಳ ಲೆಕ್ಕ.
ಅವತ್ತೇ ಸಂಜೆ ನೀರಿನ ಮೇಲೆ ಬಂದು
ಸಿಪ್ಪೆ ಬಿಟ್ಟು, ಗಿಡದಲ್ಲಿ ಕೂತು, ಇನ್ನೊಮ್ಮೆ ಸಿಪ್ಪೆ ಬಿಟ್ಟು
ತಾನು ಯಾರೆಂದು ತಾನೇ ಹೇಳುತ್ತಿತ್ತೇನೋ.
ನಾನು ಎಂಟೂ ಇಪ್ಪತ್ತಕ್ಕೆ ಹೋಗಿದ್ದೆ.
ಊಟಕ್ಕೆ ಬಾಯಿಲ್ಲದ ಒಂದು ರಾತ್ರಿಗಾಗಿ
ವರ್ಷವೆಲ್ಲ ಕಲ್ಲು ನೆಕ್ಕಿದ್ದನ್ನು
ಸ್ಪಿರಿಟ್ಟಿನಲ್ಲಿ ಅದ್ದಿ, ಮುಚ್ಚಳ ಬಿಗಿದು, ಬಸ್ಸು ಹಿಡಿದಿದ್ದೆ.

ಹೊಸ ಚೀಟಿ ಕತ್ತರಿಸಿದೆ.
ಪ್ರಭೇದದ ಎದುರು ಜಾಗ ಖಾಲಿ ಬಿಟ್ಟೆ.
ಕೆಳಗೆ ಬರೆದೆ: ಬಾಲ ಮೂರು, ನಡುವಿನದು ಮುರಿದಿದೆ, ಜೊತೆಗಿದೆ.
ಪಕ್ಕಕ್ಕೆ ಜಾರುತ್ತದೆ. ಹೇಳಿದವರು ದುಗ್ಗಕ್ಕ.

ಪೆನ್ಸಿಲು. ಸ್ಪಿರಿಟ್ಟಿಗೆ ಕರಗುವುದಿಲ್ಲ.
ಗೈಡಿನ ರಬ್ಬರಿಗೆ ಏನೋ, ಸೋಮವಾರ ನೋಡಬೇಕು.